ನಮ್ಮನೆ ಆಮೆ ಮಾತಾಡಲ್ಲ

ನಮ್ಮ ಭಾವನ ಗಂಟಲು ಸರ್ಕಾರಿ ಗಂಟಲು. ಬಸ್ ನಿಲ್ದಾಣದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬಂದಿದೆ, ಯಾವುದು ಹೊರಡಲಿದೆ ಎಂದು ಮೈಕಿನಲ್ಲಿ ಕೂಗುವುದು ಅವರ ಉದ್ಯೋಗ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿಲ್ಲ, ಒಂದು ನಿಮಿಷವೂ ತಡವಾಗಿ ಹೋಗಿಲ್ಲ. ಬಸ್ಸುಗಳು ಡೀಸೆಲ್ಲಿನಿಂದ ಓಡುತ್ತವೆ ಎಂದು ಲೋಕ ನಂಬಿದೆ. ಭಾವನ ನಂಬಿಕೆಯೇ ಬೇರೆ.

ಇಂಥ ಗಂಟಲನ್ನು ಮನೆಯಲ್ಲಿ ಸವೆಸುವುದು ತಪ್ಪು ಎಂಬುದು ಅವರ ಸಿದ್ಧಾಂತ. ಸಂಜೆ ಮನೆಗೆ ಬಂದರೆ ಮಫ್ಲರು ಸುತ್ತಿಕೊಂಡು, ಬಿಸಿನೀರು ಕುಡಿದು, ಸನ್ನೆಯಲ್ಲೇ ಸಂಸಾರ ನಡೆಸುತ್ತಾರೆ. ಒಂದು ಬೆರಳು ಎತ್ತಿದರೆ ಊಟ ಬಡಿಸು. ಎರಡು ಎತ್ತಿದರೆ ಟಿವಿ ಸಣ್ಣದು ಮಾಡು. ಅಂಗೈ ಅಲ್ಲಾಡಿಸಿದರೆ 'ಆಮೇಲೆ ನೋಡೋಣ'. ಅವರ ಮಗಳು, ಎಂಟು ವರ್ಷದ ಪುಟ್ಟಿ, ಹುಟ್ಟಿದಾಗಿನಿಂದ ಹೆಚ್ಚಾಗಿ ಕಂಡದ್ದು ಈ ಅಂಗೈಯನ್ನೇ. ನಮ್ಮ ಕಟ್ಟಡ ನಿಲ್ದಾಣದ ಬೆನ್ನಿಗಿದೆ. ಮೂರನೇ ಮಹಡಿಯ ನಮ್ಮ ಅಡುಗೆಮನೆ ಕಿಟಕಿಗೆ ನೇರವಾಗಿ ಅಲ್ಲಿಯ ಧ್ವನಿವರ್ಧಕ ಬಾಯಿ ತೆರೆದುಕೊಂಡು ನಿಂತಿದೆ. ಪುಟ್ಟಿ ಮೊಟ್ಟಮೊದಲು 'ಅಪ್ಪ' ಎಂದದ್ದು ಆ ಧ್ವನಿವರ್ಧಕವನ್ನು ನೋಡಿ. ಭಾವ ಅವಳ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಬೇಸರವಾಗಲಿಲ್ಲ, ಹೆಮ್ಮೆಯಾಯಿತು.

ನಾನು ಯಾರೆಂದು ಹೇಳಿಬಿಡುತ್ತೇನೆ. ಪುಟ್ಟಿಯ ಸೋದರಮಾವ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. 'ಮನೆ ಸಿಗುವ ತನಕ' ಎಂದು ಹೇಳಿ ಅಕ್ಕನ ಮನೆಯ ಮುಂಗೋಣೆಗೆ ಬಂದು ನಾಲ್ಕು ವರ್ಷವಾಯಿತು. ಆದ್ದರಿಂದ ಭಾವನನ್ನು ಜಾಸ್ತಿ ಬಯ್ಯುವ ಅಧಿಕಾರ ನನಗಿಲ್ಲ. ಬೇಕಾದಷ್ಟು ಮಾತ್ರ ಬಯ್ಯುತ್ತೇನೆ.

ಎಲ್ಲ ಶುರುವಾದದ್ದು ಮೆಟ್ಟಿಲ ಮೇಲೆ. ಪಕ್ಕದ ಮನೆಯಲ್ಲಿ ವಿಮೆ ಏಜೆಂಟರೊಬ್ಬರಿದ್ದಾರೆ. ಯಾರನ್ನು ಕಂಡರೂ ಆರೋಗ್ಯ ವಿಚಾರಿಸಿ, ಉತ್ತರ ಏನೇ ಬಂದರೂ ನಿಟ್ಟುಸಿರು ಬಿಡುವವರು. ಎದುರು ಮನೆಯಲ್ಲಿ ಹಲ್ಲಿನ ಡಾಕ್ಟರಮ್ಮ. ಇಬ್ಬರೂ ಒಂದು ಸಂಜೆ ಭಾವನನ್ನು ಮೆಟ್ಟಿಲಲ್ಲಿ ಹಿಡಿದರು.

"ಏನ್ ಸಾರ್, ನಿಮ್ಮ ಪುಟ್ಟೀಗೆ ಅಂಕಿಕಾಡು ಹಾಕ್ಸಿದೀರಾ?" ಎಂದರು ವಿಮೆಯವರು. "ಫೋನಲ್ಲಿ ಬರೋ ಲೆಕ್ಕದ ಆಟ. ನಮ್ಮ ಗುಂಡನಿಗೆ ದುಡ್ಡು ಕೊಟ್ಟು ಪೂರ್ತಿದೇ ತಗೊಂಡ್ವಿ. ಫ್ರೀನೂ ಇದೆ ಅನ್ನಿ. ಆದ್ರೆ ಫ್ರೀ ಅಂದ್ರೆ ಗೊತ್ತಲ್ಲ..." ನಿಟ್ಟುಸಿರು.

"ಮಕ್ಕಳ ಓದಿನ ವಿಷಯದಲ್ಲಿ ಫ್ರೀ ಗೀ ಎಲ್ಲ ನಾವು ನೋಡೋದೇ ಇಲ್ಲಪ್ಪ," ಎಂದರು ಡಾಕ್ಟರಮ್ಮ.

ಭಾವ ಮಫ್ಲರು ಸಡಿಲಿಸಿದರು. ಕಟ್ಟಡದಲ್ಲಿ ಅವರ ದನಿ ಕೇಳುವುದೇ ಅಪರೂಪವಾದ್ದರಿಂದ ಇಬ್ಬರೂ ಒಂದೊಂದು ಮೆಟ್ಟಿಲು ಹಿಂದೆ ಸರಿದರು.

"ನಾವು ಹೋದ ತಿಂಗಳೇ ತಗೊಂಡಾಯ್ತು," ಎಂದು ಭಾವ ಘೋಷಿಸಿದರು. "ದುಡ್ಡಿಂದೇ."

ಮನೆಯೊಳಗೆ ಬಂದವರೇ ಬಾಗಿಲು ಹಾಕಿ, ಫೋನು ನನ್ನ ಕೈಗೆ ತುರುಕಿ ಪಿಸುಗುಟ್ಟಿದರು: "ಅದ್ಯಾವುದೋ ಕಾಡಂತೆ, ಹುಡುಕಯ್ಯ. ಫ್ರೀ ಇರೋದು."

ಹುಡುಕಿದೆ. ಫೋನಿನಲ್ಲಿ ಎರಡು ಬಾಗಿಲು ಕಂಡವು. ದೊಡ್ಡದು ಪೂರ್ತಿ ಕಾಡಿಗೆ, ಅದಕ್ಕೆ ತಿಂಗಳು ತಿಂಗಳು ದುಡ್ಡು. ಸಣ್ಣದು ಉಚಿತ ದಾರಿ. ಅದರ ಮೇಲೆ ಹೀಗೆ ಬರೆದಿತ್ತು: 'ಉಚಿತವಾಗಿ ಬರುವವರು ಕಾಡಿಗೆ ಒಂದು ಸಣ್ಣ ಸಹಾಯ ಮಾಡಬೇಕು. ಮಗುವಿನ ತಂದೆ ಅಥವಾ ತಾಯಿ ಮುಂದಿನ ಸಾಲುಗಳನ್ನು ಗಟ್ಟಿಯಾಗಿ ಓದಬೇಕು.' ಕೆಳಗೆ ಇನ್ನೂ ಏನೋ ಇತ್ತು, ಬಹಳ ಸಣ್ಣ ಅಕ್ಷರದಲ್ಲಿ. ಅಷ್ಟು ಸಣ್ಣ ಅಕ್ಷರಕ್ಕೆ ನಾನು ಈವರೆಗೆ ಯಾರಿಗೂ ಗಾಜು ಉಜ್ಜಿಕೊಟ್ಟಿಲ್ಲ.

"ಭಾವ, ಕೆಳಗೆ ಏನೋ ಇದೆ, ಓದ್ಬೇಕು ಅನ್ಸುತ್ತೆ."

ಭಾವ ಅಂಗೈ ಅಲ್ಲಾಡಿಸಿದರು. ಅದೇ ಅಂಗೈಯ ಹೆಬ್ಬೆರಳಿನಿಂದ 'ಒಪ್ಪಿದೆ' ಒತ್ತಿದರು.

ಗಟ್ಟಿಯಾಗಿ ಓದಿ ಎಂದು ನಿಲ್ದಾಣದ ಹೊರಗೆ ಅವರಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಭಾವ ಕೆಲಸದ ಅಂಗಿ ತೊಟ್ಟರು. ಮಫ್ಲರು ಬಿಚ್ಚಿ ಮಡಿಸಿಟ್ಟರು. ಕಿಟಕಿ ಮುಚ್ಚಿಸಿ, ಫ್ಯಾನು ನಿಲ್ಲಿಸಿ, ಸೊನ್ನೆಯಿಂದ ನೂರರವರೆಗೆ ಒಂದೊಂದು ಅಂಕಿಯನ್ನೂ ಬಸ್ಸು ಹೊರಡಿಸುವ ಗಾಂಭೀರ್ಯದಲ್ಲಿ ಓದಿದರು. ಆಮೇಲೆ ಸಾಲುಗಳು ಬಂದವು.

"ಶಹಬ್ಬಾಸ್, ಮರಿ."

"ಪರವಾಗಿಲ್ಲ, ಇನ್ನೊಮ್ಮೆ ನೋಡೋಣ."

"ನನಗೇನೂ ಅವಸರ ಇಲ್ಲ."

ಅಡುಗೆಮನೆಯಿಂದ ಅಕ್ಕ ಸೌಟು ಹಿಡಿದುಕೊಂಡೇ ಓಡಿಬಂದಳು. ಮದುವೆಯಾದಾಗಿನಿಂದ ಈ ಮೂರು ಮಾತು ಆ ಬಾಯಿಂದ ಅವಳು ಕೇಳಿರಲಿಲ್ಲ. ಅವಳ ಹಿಂದೆ ಪುಟ್ಟಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಭಾವ ಫೋನನ್ನೇ ನೋಡುತ್ತಾ, ಕೊನೆಯ ಸಾಲನ್ನು ಎಷ್ಟು ಮಮತೆಯಿಂದ ಓದಿದರೆಂದರೆ ನನ್ನ ಕಣ್ಣೇ ಒದ್ದೆಯಾಯಿತು:

"ನಿನ್ನ ಜೊತೆಗೇ ಇದ್ದೀನಿ."

"ಹೂಂ ಅಪ್ಪ," ಎಂದಳು ಪುಟ್ಟಿ ಬಾಗಿಲಲ್ಲಿ.

"ಶ್!" ಎಂದು ಭಾವ ಗದರಿದರು. "ರೆಕಾರ್ಡ್ ಆಗ್ತಿದೆ ಕಣೇ!"

ಹೀಗೆ ಪುಟ್ಟಿಗೆ ಉಚಿತ ದಾರಿ ತೆರೆಯಿತು. ಅದರಲ್ಲಿ ಒಂದು ಆಮೆ. ಹೆಸರು ಆಮೆ ಮೇಷ್ಟ್ರು. ಅದು ಲೆಕ್ಕ ತೋರಿಸುತ್ತದೆ, ಮಾತಾಡುವುದಿಲ್ಲ. ಸರಿಯಾದರೆ ಒಂದು ಎಲೆ ಬೀಳುತ್ತದೆ. ತಪ್ಪಾದರೆ 'ಟಕ್' ಎಂದು ಕತ್ತನ್ನು ಒಳಗೆ ಎಳೆದುಕೊಳ್ಳುತ್ತದೆ. ಹತ್ತು ಲೆಕ್ಕವಾದ ಮೇಲೆ ಫೋನು ಕಪ್ಪಾಗಿ, 'ನಾಳೆ ಬಾ, ಇಲ್ಲವೇ ಪೂರ್ತಿ ಕಾಡಿಗೆ ಬಾ' ಎಂಬ ಅಕ್ಷರ ಮೂಡುತ್ತದೆ. ಪುಟ್ಟಿ ಮೂರು ದಿನ ಆಡಿದಳು. ನಾಲ್ಕನೇ ದಿನ ಫೋನನ್ನು ತಂದು ಭಾವನ ಮುಂದಿಟ್ಟು, "ಅಪ್ಪಾ, ಇದು ಮಾತಾಡಲ್ಲ," ಎಂದಳು. ಭಾವ ಮಫ್ಲರು ಸರಿಮಾಡಿಕೊಂಡು ಅಂಗೈ ಅಲ್ಲಾಡಿಸಿದರು.

ಸುಮಾರು ಮೂರು ವಾರ ಏನೂ ಆಗಲಿಲ್ಲ. ಒಂದು ಬುಧವಾರ, ನನ್ನ ಅಂಗಡಿಗೆ ರಜೆ, ಸಂಜೆ ನಾಲ್ಕು ಗಂಟೆ. ನಾನು ಮೆಟ್ಟಿಲು ಹತ್ತಿ ಬರುತ್ತಿದ್ದೆ. ವಿಮೆಯವರು ತಮ್ಮ ಮನೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನಿಮ್ಮ ಭಾವ," ಎಂದರು ಹಲ್ಲು ಕಚ್ಚಿ, "ನಾನಿಲ್ಲದ ಹೊತ್ತಲ್ಲಿ ನಮ್ಮನೇಲಿ ಏನ್ ಮಾಡ್ತಿದಾರೆ?"

ಒಳಗಿನಿಂದ ಭಾವನ ದನಿ ಸ್ಪಷ್ಟವಾಗಿ ಬಂತು. "ನನಗೇನೂ ಅವಸರ ಇಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಧ್ವನಿವರ್ಧಕ ಕರಕರ ಎಂದಿತು. "ಪ್ರಯಾಣಿಕರ ಗಮನಕ್ಕೆ. ಬಂದರಿನ ಕಡೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ..." ಅದೇ ಗಳಿಗೆಯಲ್ಲಿ ಬಾಗಿಲ ಹಿಂದೆ: "ಮೂರಕ್ಕೆ ನಾಲ್ಕು ಕೂಡಿದರೆ?" ಒಂದೇ ಗಂಟಲು. ಒಂದು ಹೊರಗೆ, ಒಂದು ಒಳಗೆ. ವಿಮೆಯವರ ಮುಖದ ಬದನೆಕಾಯಿ ಬಣ್ಣ ಇಳಿದು ಸುಣ್ಣದ ಬಣ್ಣ ಬಂತು. ಅವರು ನನ್ನ ಕೈ ಹಿಡಿದುಕೊಂಡರು. ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ಸೇರಿ ಬಾಗಿಲು ತಳ್ಳಿದೆವು.

ಒಳಗೆ ವಿಮೆಯವರ ಹೆಂಡತಿ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ನೆಲದ ಮೇಲೆ ಗುಂಡ, ಡಾಕ್ಟರಮ್ಮನ ಮಗಳು, ಕೆಳಮಹಡಿಯ ಎರಡು ಮಕ್ಕಳು ಸಾಲಾಗಿ ಕೂತಿದ್ದವು. ಮಧ್ಯೆ ಫೋನು. ಫೋನಿನಲ್ಲಿ ಆಮೆ ಮೇಷ್ಟ್ರು ಕತ್ತನ್ನು ಪೂರ್ತಿ ಹೊರಗೆ ಚಾಚಿ, ನಿಧಾನವಾಗಿ ಕಣ್ಣು ಮಿಟುಕಿಸಿದರು.

"ನಿನ್ನ ಜೊತೆಗೇ ಇದ್ದೀನಿ," ಎಂದರು, ನಮ್ಮ ಭಾವನ ಗಂಟಲಲ್ಲಿ.

ಆಮೇಲೆ ಆ ದನಿಯ ಅಡಿಯಿಂದ, ಬಾವಿಯ ತಳದಿಂದ ಬಂದಂತೆ, ಇನ್ನೊಂದು ಪುಟ್ಟ ದನಿ ಬಂತು. "ಹೂಂ ಅಪ್ಪ."

"ಹೂಂ ಅಪ್ಪ," ಎಂದವು ಮಕ್ಕಳೆಲ್ಲ ಒಟ್ಟಿಗೆ, ಕಣ್ಣೆತ್ತದೆ.

ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿಕೊಂಡು ನಮ್ಮ ಪುಟ್ಟಿ ಕೂತಿದ್ದಳು. ಫೋನಿನೊಳಗಿದ್ದದ್ದು ಅವಳ ದನಿ. ಆ ಕೋಣೆಯಲ್ಲಿ ಬಾಯಿ ತೆರೆಯದೆ ಕೂತವಳು ಅವಳೊಬ್ಬಳೇ.

ವಿಮೆಯವರ ಹೆಂಡತಿ ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟರು. "ನೀವಿಬ್ರು ಯಾಕ್ರೀ ಹಾಗೆ ಕೈ ಕೈ ಹಿಡ್ಕೊಂಡು ನಿಂತಿದೀರ?"

ಮಾರನೆಯ ದಿನ ಹಲ್ಲಿನ ಡಾಕ್ಟರಮ್ಮನ ದವಾಖಾನೆಯಲ್ಲೂ ಅನಾಹುತವಾಯಿತು. ಒಬ್ಬ ರೋಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾನೆ, ಡಾಕ್ಟರಮ್ಮ ಇಕ್ಕಳ ತರಲು ಅತ್ತ ತಿರುಗಿದ್ದಾರೆ. ಪರದೆಯ ಹಿಂದೆ ಅವರ ಮಗಳು ಆಟ ಶುರು ಮಾಡಿದಳು. ಪರದೆಯ ಹಿಂದಿನಿಂದ ಒಂದು ಗಂಭೀರ ಗಂಡುದನಿ ಕೇಳಿತಂತೆ: "ಮೂವತ್ತೆರಡರಲ್ಲಿ ಒಂಬತ್ತು ಹೋದರೆ ಎಷ್ಟು ಉಳಿಯಿತು?" ರೋಗಿ ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಬೀದಿಗೆ ಹಾರಿದ. ಅವನ ಚಪ್ಪಲಿ ಇವತ್ತಿಗೂ ದವಾಖಾನೆಯಲ್ಲೇ ಇದೆ.

ಆ ಸಂಜೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಗೆ ಬಂದರು. ಭಾವನಿಗೆ ವಿಷಯ ಆಗಷ್ಟೇ ಅಕ್ಕನಿಂದ ತಿಳಿದಿತ್ತು. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಬೈಸಿಕೊಳ್ಳಲು ತಯಾರಾಗಿ ಮಫ್ಲರನ್ನು ಕಿವಿಗೂ ಸುತ್ತಿಕೊಂಡಿದ್ದರು.

"ಏನ್ ಸಾರ್ ನೀವು!" ಎಂದು ವಿಮೆಯವರು ಕೈ ಮುಗಿದರು. "ಇಷ್ಟು ದೊಡ್ಡ ಮನುಷ್ಯರು ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಕಂಪನಿಯೋರು ನಿಮ್ಮನ್ನೇ ಹುಡುಕ್ಕೊಂಡು ಬಂದ್ರಾ?"

ಇಲ್ಲಿ ಒಂದು ಗಳಿಗೆ ಇತ್ತು. ನಿಜ ಹೇಳಬಹುದಾಗಿದ್ದ ಗಳಿಗೆ. ಅಕ್ಕ ಭಾವನನ್ನು ನೋಡಿದಳು. ನಾನು ಭಾವನನ್ನು ನೋಡಿದೆ. ಭಾವ ಮಫ್ಲರಿನಿಂದ ಒಂದು ಕಿವಿ ಹೊರತೆಗೆದರು.

"ಕೇಳ್ಕೊಂಡ್ರು," ಎಂದರು. "ಮಕ್ಕಳ ವಿಷಯ ನೋಡಿ. ಇಲ್ಲ ಅನ್ನೋಕ್ಕಾಗ್ಲಿಲ್ಲ."

"ಹಾಗಾದ್ರೆ ಆಮೆಗೆ ಸ್ವಲ್ಪ ಹೇಳಿ ಸಾರ್," ಎಂದರು ವಿಮೆಯವರ ಹೆಂಡತಿ, "ಗುಂಡ ರಾತ್ರಿ ಹಾಲು ಕುಡಿಯೋದೇ ಇಲ್ಲ. ಅದು ಹೇಳಿದ್ರೆ ಕೇಳ್ತಾನೆ."

"ನಮ್ಮವಳಿಗೆ ಭಾಗಾಕಾರ ಈಗಲೇ ಬೇಡ ಅನ್ನಿ," ಎಂದರು ಡಾಕ್ಟರಮ್ಮ. "ಆಮೇಲೆ ದವಾಖಾನೆ ಹೊತ್ತಲ್ಲಿ ಕಳೆಯೋ ಲೆಕ್ಕ ಬೇಡ."

ಭಾವ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡರು. ಅವರೆಲ್ಲ ಹೋದ ಮೇಲೆ ಅಕ್ಕ ಹೇಳಿದಳು: "ಏನ್ರೀ, ನಿಜ ಹೇಳ್ಬಿಡಿ. ಫ್ರೀಗೆ ಆಸೆಪಟ್ಟು ಗಂಟಲು ಬರ್ಕೊಟ್ಟೆ ಅಂತ. ಆ ಗಂಟಲಲ್ಲಿ ಕಂಪನಿಯೋರು ಈಗ ಏನ್ ಬೇಕಾದ್ರೂ ಮಾತಾಡಿಸ್ತಾರೆ. ಪಕ್ಕದ ಮನೆಯೋರಿಗೆ ದುಡ್ಡಿಗೆ ಸಿಗ್ತಿರೋದು ನಿಮ್ಮ ದನಿ. ನಮ್ಮ ಮಗೂಗೆ ಸಿಕ್ಕಿರೋದು ಟಕ್ ಅನ್ನೋ ಆಮೆ." ಭಾವ ಅಂಗೈ ಅಲ್ಲಾಡಿಸಿದರು.

ಅಲ್ಲಿಂದ ಮುಂದೆ ಕಟ್ಟಡದ ಹವೆಯೇ ಬದಲಾಯಿತು. ಭಾವ ಮೆಟ್ಟಿಲು ಹತ್ತಿದರೆ ಮಕ್ಕಳು ಆಟ ನಿಲ್ಲಿಸಿ ಗೋಡೆಗೆ ಒತ್ತಿ ನಿಲ್ಲುತ್ತಿದ್ದವು. ಮಾತಿಲ್ಲ, ನಗುವಿಲ್ಲ. ಎಲ್ಲವೂ ಅವರ ಕತ್ತನ್ನೇ ನೋಡುತ್ತಿದ್ದವು. ಒಳಗೆ ಹೋಗುತ್ತದೋ ಹೊರಗೆ ಬರುತ್ತದೋ ಎಂದು. ಒಂದು ದಿನ ಭಾವನಿಗೆ ತಡೆಯದೆ, "ಏನ್ರೋ ಅದು ನೋಡ್ತೀರ, ದಾರಿ ಬಿಡ್ರೋ!" ಎಂದು ಕೂಗಿಬಿಟ್ಟರು. ಕೆಳಮಹಡಿಯ ಚಿಕ್ಕ ಮಗು ಒಂದು ಅಳದೆ, ಹೆದರದೆ, ತನ್ನ ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿತು: "ಇವರು ಅವರಲ್ಲ. ಅವರ ಥರ ಮಾತಾಡ್ತಾರೆ, ಅಷ್ಟೆ."

ಆ ರಾತ್ರಿ ಭಾವ ಊಟಕ್ಕೆ ಬೆರಳೇ ಎತ್ತಲಿಲ್ಲ.

ನಿಲ್ದಾಣದಲ್ಲಿ ಇನ್ನೂ ವಿಚಿತ್ರ. ಅಂಕಿಕಾಡು ನಮ್ಮ ಕಟ್ಟಡದಲ್ಲಿ ಮಾತ್ರ ಇಲ್ಲವಲ್ಲ. ಒಂದು ಬೆಳಿಗ್ಗೆ ಭಾವ ಗಾಜಿನ ಕೋಣೆಯಿಂದ "ಏಳನೇ ಅಂಕಣ" ಎಂದರು. ಕೆಳಗೆ ನಿಲ್ದಾಣದ ತುಂಬ ಜನ, ಗದ್ದಲ, ಚೀಲ, ಪೆಟ್ಟಿಗೆ. ಆ ಗದ್ದಲದ ನಡುವೆ ಅಲ್ಲಲ್ಲಿ ಮಕ್ಕಳು ನಿಂತಲ್ಲೇ ನಿಂತವು. ತಾಯಂದಿರ ಕೈ ಬಿಡಿಸಿಕೊಂಡು, ಮುಖ ಮೇಲೆತ್ತಿ, ಏಳು ಬೆರಳು ತೋರಿಸಿದವು. ಭಾವ ಗಾಬರಿಯಾಗಿ ಸುಮ್ಮನಾದರು. ಬೆರಳುಗಳು ಇಳಿಯಲಿಲ್ಲ. ಇಡೀ ನಿಲ್ದಾಣದಲ್ಲಿ ಪುಟ್ಟ ಪುಟ್ಟ ಕೈಗಳು, ಏಳೇಳು ಬೆರಳು, 'ಶಹಬ್ಬಾಸ್' ಬರುವುದನ್ನೇ ಕಾಯುತ್ತಾ. ಏಳನೇ ಅಂಕಣದ ಬಸ್ಸಿನ ಚಾಲಕ ಅದನ್ನು ನೋಡಿ, ಹೊರಡುವ ಬದಲು ಇಂಜಿನ್ನು ಆರಿಸಿ ಕೆಳಗಿಳಿದುಬಿಟ್ಟ.

ನಿಲ್ದಾಣದ ಸಾಹೇಬರು ಭಾವನನ್ನು ಕರೆಸಿದರು. "ಏನ್ರೀ ಇದು? ಇಲಾಖೆ ಗಂಟಲನ್ನ ಹೊರಗೆ ಮಾರ್ಕೊಂಡಿದೀರಂತೆ?"

"ಮಾರಿಲ್ಲ ಸಾರ್. ಫ್ರೀ ಆಟಕ್ಕೆ ಫ್ರೀಯಾಗಿ ಕೊಟ್ಟೆ."

"ಫ್ರೀ ಕೊಡೋಕೆ ಯಾರಿಗ್ರೀ ಹುಚ್ಚು? ನಿಮ್ಮ ಕಟ್ಟಡದಲ್ಲೆಲ್ಲ ನೀವು ಕಂಪನಿಗೆ ಭಾರಿ ಬೇಕಾದೋರು ಅಂತ ಮಾತಿದೆಯಂತಲ್ಲ? ಭಾನುವಾರ ನಾನೇ ಬರ್ತೀನಿ, ವಿಚಾರಣೆಗೆ."

ಹೀಗೆ ಭಾವ ಎರಡು ಭಾಗವಾದರು. ಆಫೀಸಿನಲ್ಲಿ ಫ್ರೀ, ಮನೆಯ ಮೆಟ್ಟಿಲ ಮೇಲೆ ದುಡ್ಡಿಂದು. ಭಾನುವಾರ ಬರುವವರೆಗೆ ಈ ಎರಡು ಭಾಗ ಹೇಗಾದರೂ ದೂರ ದೂರ ಇರಬಹುದೆಂದು ಅವರು ಭಾವಿಸಿದ್ದರು. ಅಷ್ಟರಲ್ಲಿ, ಶುಕ್ರವಾರ ಸಂಜೆ, ಪುಟ್ಟಿಯ ಟೀಚರಮ್ಮ ಮನೆಗೆ ಬಂದರು.

ಟೀಚರಮ್ಮ ನೀರು ಕೂಡ ಕುಡಿಯಲಿಲ್ಲ. "ನಿಮ್ಮ ಮಗಳು ಲೆಕ್ಕದಲ್ಲಿ ಚೆನ್ನಾಗಿದ್ಳು," ಎಂದರು. "ಈಗ ಹದಿನೈದು ದಿನದಿಂದ ಎಲ್ಲಾನೂ ತಪ್ಪು ಹೇಳ್ತಾಳೆ. ಎಲ್ಲಾನೂ. ತಪ್ಪು ಹೇಳಿ, ನನ್ನ ಮುಖ ನೋಡ್ತಾ ಕಾಯ್ತಾಳೆ. ಬೈದ್ರೂ ಕಾಯ್ತಾಳೆ. ನಿಜ ಹೇಳ್ತೀನಿ, ನನಗೆ ಈಗೀಗ ಅವಳನ್ನ ಪ್ರಶ್ನೆ ಕೇಳೋಕೇ ಭಯ. ಹೀಗೇ ಆದ್ರೆ ಈ ವರ್ಷ ಮುಂದಿನ ಕ್ಲಾಸಿಗೆ ಕಳಿಸೋಕ್ಕಾಗಲ್ಲ."

ಟೀಚರಮ್ಮ ಹೋದ ಮೇಲೆ ಭಾವ ಮಫ್ಲರು ಕಿತ್ತೆಸೆದರು. ಮನೆಯಲ್ಲಿ ಅವರ ಪೂರ್ತಿ ದನಿ ಆ ದಿನ ಕೇಳಿತು.

"ಏಳಕ್ಕೆ ಎಂಟು ಕೂಡಿದ್ರೆ ಎಷ್ಟೇ?"

ಪುಟ್ಟಿಯ ಮುಖ ಅರಳಿತು. ಎರಡು ಹೆಜ್ಜೆ ಹತ್ತಿರ ಬಂದಳು. "ಹನ್ನೊಂದು," ಎಂದು ಹೇಳಿ, ಕತ್ತೆತ್ತಿ, ಭಾವನ ತುಟಿಯನ್ನೇ ನೋಡುತ್ತಾ ನಿಂತಳು.

"ಹನ್ನೊಂದಾ?" ಎಂದು ಭಾವ ಮೇಜು ಗುದ್ದಿದರು.

ಪುಟ್ಟಿಯ ಕತ್ತು ಮೆಲ್ಲಗೆ ಭುಜದೊಳಗೆ ಇಳಿಯಿತು. ನಾನು ಕಣ್ಣಾರೆ ಕಂಡೆ. ಟಕ್ ಎಂಬ ಸದ್ದು ಮಾತ್ರ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಯೋಜನೆ ಭಾವನದು. ಆದರೆ ಕಂಪನಿಯ ದೊಡ್ಡವರು ಬಂದಿದ್ದಾರೆಂದು ಭ್ರಮಿಸಿ ವಿಮೆಯವರು ಮೆಟ್ಟಿಲಲ್ಲೇ ಅವರನ್ನು ಹಿಡಿದು, ಆರೋಗ್ಯ ವಿಚಾರಿಸಿ, ಹಾಲಿನ ವಿಷಯ ಶುರು ಮಾಡಿಬಿಟ್ಟಿದ್ದರು. ನಮ್ಮ ಬಾಗಿಲ ಮುಂದೆ ಇಡೀ ಮಹಡಿ ನೆರೆಯಿತು.

"ನೋಡಿ, ಇವರೇ ಹೇಳ್ತಿದಾರಲ್ಲ," ಎಂದರು ಸಾಹೇಬರು. "ನೀವು ಕಂಪನಿಯೋರಿಗೆ ಬೇಕಾದೋರು. ದುಡ್ಡು ಕೊಟ್ಟು ಆಟ ತಗೊಂಡೋರು. ನನ್ನ ಹತ್ರ ಫ್ರೀ ಅಂತ ಸುಳ್ಳು ಹೇಳಿದ್ರಾ?"

"ಫ್ರೀನಾ?" ಎಂದರು ಡಾಕ್ಟರಮ್ಮ.

"ಅದು ಏನಂದ್ರೆ," ಎಂದು ಭಾವ ಶುರು ಮಾಡಿದರು. ಅಲ್ಲಿಗೇ ನಿಲ್ಲಿಸಿ ಮಫ್ಲರನ್ನು ಬಾಯಿಯ ಮೇಲೆ ಎಳೆದುಕೊಂಡರು.

ಸಾಹೇಬರು ಕೆಳಗೆ ನೋಡಿದರು. ಪುಟ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನೀನು ಹೇಳಮ್ಮ. ನಿಮ್ಮನೆ ಆಟ ಫ್ರೀದೋ, ದುಡ್ಡಿಂದೋ?"

"ಫ್ರೀದು," ಎಂದಳು ಪುಟ್ಟಿ. "ನಮ್ಮನೆ ಆಮೆ ಮಾತಾಡಲ್ಲ. ಅಪ್ಪನ ಮಾತು ಬೇಕು ಅಂದ್ರೆ ನಾನು ಗುಂಡನ ಮನೆಗೆ ಹೋಗ್ತೀನಿ."

ಪುಟ್ಟಿಗೆ ಇದು ಸಾಲದು ಎನಿಸಿರಬೇಕು, ಸಾಹೇಬರಿಗೆ ಆಟದ ನಿಯಮವನ್ನೇ ವಿವರಿಸಿದಳು.

"ಸರಿ ಹೇಳಿದ್ರೆ ಬರೀ ಶಹಬ್ಬಾಸ್ ಅಂತಾರೆ, ಆಮೇಲೆ ಗುಂಡನ ಸರದಿ. ತಪ್ಪು ಹೇಳಿದ್ರೆ 'ಪರವಾಗಿಲ್ಲ, ಇನ್ನೊಮ್ಮೆ ನೋಡೋಣ' ಅಂತಾರೆ. ಇನ್ನೊಂದ್ಸಲ ತಪ್ಪು ಹೇಳಿದ್ರೆ 'ನನಗೇನೂ ಅವಸರ ಇಲ್ಲ' ಅಂತಾರೆ. ಮೂರು ಸಲ ತಪ್ಪು ಹೇಳ್ಬೇಕು. ಆವಾಗ 'ನಿನ್ನ ಜೊತೆಗೇ ಇದ್ದೀನಿ' ಅಂತಾರೆ."

ಡಾಕ್ಟರಮ್ಮ ತಮ್ಮ ಬಳೆ ನೋಡಿಕೊಂಡರು. ವಿಮೆಯವರು ನಿಟ್ಟುಸಿರು ಬಿಡುವುದನ್ನೇ ಮರೆತರು. ಗೋಡೆಯಾಚೆ ಗುಂಡ ಎಂದಿನಂತೆ ಆಡುತ್ತಿದ್ದ. ಗೋಡೆಯೊಳಗಿಂದ ಬಂದಂತೆ ಭಾವನ ದನಿ, ಮಮತೆ ತುಂಬಿಕೊಂಡು, ಯಾರದೋ ಮಗುವಿಗೆ ಶಹಬ್ಬಾಸ್ ಹೇಳಿತು. ಭಾವ ಅದನ್ನು ಕೇಳುತ್ತಾ ನಿಂತರು. ತಮ್ಮ ದನಿಯನ್ನು ಅಷ್ಟು ಗಮನವಿಟ್ಟು ಅವರು ಕೇಳಿದ್ದು ಅದೇ ಮೊದಲಿರಬೇಕು.

ಸಾಹೇಬರು ಪುಸ್ತಕದಲ್ಲಿ ಏನೋ ಬರೆದು ಮುಚ್ಚಿದರು. "ಫ್ರೀ ಅನ್ನೋದು ನಿಜ. ನಿಮ್ಮ ಮೇಲೆ ಕ್ರಮ ಇಲ್ಲ." ಮೆಟ್ಟಿಲಿಳಿಯುತ್ತಾ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಲ್ಲಾ, ಈ ಆಮೆಯೋರು ಇಲಾಖೆಗೂ ಫ್ರೀ ಕೊಡ್ತಾರೇನ್ರೀ?"

ಸೋಮವಾರ ಬೆಳಿಗ್ಗೆ ಭಾವ ಕೆಲಸದ ಅಂಗಿ ತೊಟ್ಟು, ಬೂಟು ಹಾಕಿಕೊಂಡು, ಬಾಗಿಲವರೆಗೆ ಹೋದವರು ವಾಪಸು ಬಂದರು. ಬೂಟು ಬಿಚ್ಚಿದರು. ಮಫ್ಲರು ಬಿಚ್ಚಿ ಗೂಟಕ್ಕೆ ಹಾಕಿದರು. ಪುಟ್ಟಿ ಶಾಲೆಯ ಚೀಲ ಕಟ್ಟುತ್ತಿದ್ದಳು. ಅವಳ ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಮಂಡಿಗಳು ಲಟಲಟ ಎಂದವು.

"ಏಳಕ್ಕೆ ಎಂಟು ಕೂಡಿದ್ರೆ ಎಷ್ಟು?"

ಪುಟ್ಟಿ ಅನುಮಾನದಿಂದ ನೋಡಿದಳು. "ಹನ್ನೊಂದು."

ಭಾವ ಬಾಯಿ ತೆರೆದರು. ಏನೂ ಬರಲಿಲ್ಲ. ಫೋನಿನ ಮುಂದೆ ಅಷ್ಟು ಸಲೀಸಾಗಿ ಓದಿದ ಸಾಲು, ಈಗ ನೋಡಿಕೊಂಡು ಓದಲು ಕಾಗದವಿಲ್ಲ. ಕೆಮ್ಮಿದರು. ಮತ್ತೆ ಬಾಯಿ ತೆರೆದರು.

"ಪರ... ಪರವಾಗಿಲ್ಲ. ಇನ್ನೊಮ್ಮೆ ನೋಡೋಣ."

ಒಡೆದ ದನಿ. ಒಂದು ಬಸ್ಸೂ ಕದಲುತ್ತಿರಲಿಲ್ಲ ಅದಕ್ಕೆ. ಪುಟ್ಟಿ ನ್ಯಾಯವಾಗಿ ಹೇಳಿದಳು: "ಆಮೆ ಮೇಷ್ಟ್ರು ಇನ್ನೂ ಚೆನ್ನಾಗಿ ಹೇಳ್ತಾರೆ."

"ಅವರಿಗೆ ಅಭ್ಯಾಸ ಆಗಿದೆ ಕಣಮ್ಮ," ಎಂದರು ಭಾವ. "ನನಗೆ ಇವತ್ತು ಶುರು."

ಗೋಡೆ ಗಡಿಯಾರದಲ್ಲಿ ಎಂಟು ಹೊಡೆಯಿತು. ಬಂದರಿನ ಬಸ್ಸಿನ ಹೊತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಾಜಿನ ಕೋಣೆಯಲ್ಲಿ ಭಾವನಿಲ್ಲ. ಅಕ್ಕ ಅಡುಗೆಮನೆಯಿಂದ ಇಣುಕಿದಳು. ಇನ್ನೇನು ಎದ್ದು ಓಡುತ್ತಾರೆ ಎಂದು ನಾನೂ ಕಾದೆ.

ಹೊರಗೆ ಧ್ವನಿವರ್ಧಕ ಕರಕರ ಎಂದಿತು.

"ಪ್ರಯಾಣಿಕರ ಗಮನಕ್ಕೆ. ಬಂದರಿನ ಕಡೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ."

ಭಾವನ ದನಿ. ಭಾವ ನಮ್ಮೆದುರು ನೆಲದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ಸಾಹೇಬರು ಆಮೆಯವರಿಂದ ಆ ದನಿಯನ್ನು ತರಿಸಿಬಿಟ್ಟಿದ್ದರು. ಇಲಾಖೆ ಒಂದೇ ದಿನದಲ್ಲಿ ಒಂದು ಕೆಲಸ ಮುಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ; ಫ್ರೀ ಅಂದರೆ ಹಾಗೆ. ಅಕ್ಕನ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಧ್ವನಿವರ್ಧಕ ಮತ್ತೆ ಮಾತಾಡಿತು.

"ನಿನ್ನ ಜೊತೆಗೇ ಇದ್ದೀನಿ."

ಅದರ ಬೆನ್ನಿಗೆ, ಇಡೀ ನಿಲ್ದಾಣದ ಮೇಲೆ, ಬಸ್ಸುಗಳ ಮೇಲೆ, ಸಾಲಾಗಿ ನಿಂತ ಜನರ ಮೇಲೆ, ಬಹಳ ಸಣ್ಣಗೆ: "ಹೂಂ ಅಪ್ಪ."

ಕೆಳಗಿನ ಗದ್ದಲ ಒಮ್ಮೆಲೇ ನಿಂತುಹೋಯಿತು. ಎಲ್ಲೋ ಮಕ್ಕಳು ಅದನ್ನೇ ಹೇಳುವುದು ಕೇಳಿಸಿತು. ಭಾವ ಅರ್ಧ ಎದ್ದರು. ಕಿಟಕಿ ನೋಡಿದರು, ಗೂಟದ ಮೇಲಿನ ಮಫ್ಲರು ನೋಡಿದರು.

"ಅಪ್ಪಾ, ನಿನ್ನ ಬಸ್ಸು," ಎಂದಳು ಪುಟ್ಟಿ. ಅವರ ಅಂಗಿಯ ತುದಿ ಅವಳ ಮುಷ್ಟಿಯಲ್ಲಿತ್ತು.

ಭಾವ ನಿಧಾನವಾಗಿ ಮತ್ತೆ ಕೂತರು.

"ಹೋಗಲಿ ಬಿಡು. ಅದನ್ನ ಅವರು ನೋಡ್ಕೊಳ್ತಾರೆ. ಏಳಕ್ಕೆ ಎಂಟು?"

ಪುಟ್ಟಿ ಇನ್ನಷ್ಟು ಹತ್ತಿರ ಸರಿದು, ಬಹಳ ಯೋಚಿಸಿದವಳಂತೆ, "ಹನ್ನೆರಡು," ಎಂದಳು.

"ಪರವಾಗಿಲ್ಲ," ಎಂದರು ಭಾವ. "ನನಗೇನೂ ಅವಸರ ಇಲ್ಲ."

ನಾನು ಅವಳ ಹಿಂದೆ ಕೂತಿದ್ದೆ. ಬೆನ್ನ ಹಿಂದಿನ ಕೈಯಲ್ಲಿ ಅವಳು ನೆಲದ ಧೂಳಿನ ಮೇಲೆ ಬೆರಳಿನಿಂದ ದುಂಡಗೆ ಹದಿನೈದು ಬರೆದಿದ್ದಳು. ನಾನು ಯಾರಿಗೂ ಹೇಳಲು ಹೋಗಲಿಲ್ಲ.